ಹಸಿರು ವೈರಿನ ತುದಿ

ವಿನೋಬನಗರ, ಶಿವಮೊಗ್ಗ
12 ಜನವರಿ 2025

ಉಜ್ಜನಪ್ಪನವರಿಗೆ ನಮಸ್ಕಾರ.

ಈ ಅಕ್ಷರ ಯಾರದೆಂದು ನಿಮಗೆ ಥಟ್ಟನೆ ಗೊತ್ತಾಗಿರಬೇಕು. ಹದಿನಾರು ವರ್ಷ ನನ್ನ ಚೀಟಿ ಹಿಡಿದು ನೀವು ಲ್ಯಾಬಿನ ಬೀರು ತೆಗೆದಿದ್ದೀರಿ: 'ಆಮ್ಮೀಟರ್ ಆರು, ಪ್ರಿಸಂ ಹತ್ತು, ಬೇಗ.' ಹೌದು, ಹೈಸ್ಕೂಲಿನ ಸೈನ್ಸ್ ಟೀಚರ್ ವೇದಾ. ನಿಮ್ಮ ವಿಳಾಸ ಕೊಟ್ಟವರು ನಮ್ಮ ಗುಮಾಸ್ತ ಮಂಜಪ್ಪ. ನಿಮಗೆ ಈಚೆಗೆ ಕಿವಿ ಮಂದವಾಗಿದೆ, ಫೋನಿನಲ್ಲಿ ಮಾತು ತಿಳಿಯುವುದಿಲ್ಲ, ಬರೆದರೆ ಓದುತ್ತೀರಿ ಎಂದೂ ಅವರೇ ಹೇಳಿದರು. ಅದಕ್ಕೇ ಈ ಕಾಗದ.

ನಾನು ರಿಟೈರ್ ಆಗಿ ಒಂದೂವರೆ ವರ್ಷವಾಯಿತು. ವಿಷಯ ಕೇಳಿದರೆ ನಗುತ್ತೀರಿ. ಎಲೆಕ್ಟ್ರಾನಿಕ್ಸ್ ಕಲಿಯಲು ಶುರು ಮಾಡಿದ್ದೇನೆ. ಕಲಿಸಲು ಅಲ್ಲ, ಕಲಿಯಲು! ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಓಮನ ನಿಯಮ ಬರೆದವಳು ಮೊನ್ನೆ ಒಂದು ಎಲ್‌ಇಡಿ ಹೊತ್ತಿಸಲು ಹೋಗಿ ಸುಟ್ಟೆ. ಎರಡನೆಯದನ್ನೂ ಸುಟ್ಟೆ. ಮೂರನೆಯದು ಹೊತ್ತಿತು, ಅಷ್ಟರಲ್ಲಿ ಬ್ಯಾಟರಿ ಸತ್ತಿತು. ಆಗೆಲ್ಲ ವೈರು ಹಿಡಿದು ಕೆಲಸ ಮಾಡುತ್ತಿದ್ದವರು ನೀವು, ನಾನು ದೂರ ನಿಂತು ಕೈಯ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದೆ ಎಂಬುದು ಈಗ ತಿಳಿಯುತ್ತಿದೆ.

ಬ್ಯಾಟರಿ ಕೊಂಡು ಕೊಂಡು ಸಾಕಾಗಿದೆ. ಮೇಜಿನ ಮೇಲಿಟ್ಟುಕೊಂಡು ಬೇಕಾದಷ್ಟು ವೋಲ್ಟೇಜ್ ತಿರುಗಿಸಿಕೊಳ್ಳುವ ಪವರ್ ಸಪ್ಲೈ ಕೊಳ್ಳಬೇಕು ಅಂತಿದ್ದೇನೆ. ಕಣ್ಣಿಗೆ ಬಿದ್ದವು ಮೂರು. ಒಂದು, ಆನ್‌ಲೈನಿನಲ್ಲಿ ಸಿಗುವ ಹಗುರವಾದದ್ದು, ಮೂವತ್ತು ವೋಲ್ಟು, ಐದು ಆಂಪಿಯರ್. ಇನ್ನೊಂದು ದುರ್ಗಿಗುಡಿಯ ಅಂಗಡಿಯಲ್ಲಿದೆ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಹಳೆ ಮಾದರಿ. ಅದು ಎರಡೇ ಆಂಪಿಯರ್, ಕಲ್ಲುಗುಂಡಿನಷ್ಟು ಭಾರ. ಮೂರನೆಯದು ಬರೀ ಬೋರ್ಡು, ಪೆಟ್ಟಿಗೆ ನಾವೇ ಮಾಡಿಕೊಳ್ಳಬೇಕು. ಯಾವುದು ಒಳ್ಳೆಯದು? ನನಗೆ ತಿಳಿದವರಲ್ಲಿ ಇದನ್ನು ಕೈಯಲ್ಲಿ ಮಾಡಿ ಗೊತ್ತಿದ್ದವರು ನೀವೊಬ್ಬರೇ.

ಉತ್ತರಕ್ಕೆ ಸ್ಟಾಂಪ್ ಹಚ್ಚಿದ ಕವರ್ ಇಟ್ಟಿದ್ದೇನೆ. ಹಾಲಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ,
ವೇದಾ ಮೇಡಂ


ಜನ್ನಾಪುರ, ಭದ್ರಾವತಿ
27 ಜನವರಿ 2025

ಮೇಡಂ ಅವರಿಗೆ ಉಜ್ಜನಪ್ಪ ಮಾಡುವ ನಮಸ್ಕಾರಗಳು.

ಕಾಗದ ತಲುಪಿ ಹತ್ತು ದಿನ ಆಯ್ತು. ಕವರ್ ನೋಡಿ ಹಾಲಮ್ಮ, 'ಪೆನ್ಶನ್ ನಿಲ್ಸಿಬಿಟ್ರೇನೋ' ಅಂತ ಹೆದರಿದ್ಲು. 'ಉಜ್ಜನಪ್ಪನವರಿಗೆ' ಅಂತ ಇದ್ದದ್ದು ಓದಿ ನಾನೂ ಬೇರೆ ಯಾರದ್ದೋ ಕಾಗದ ಅಂದ್ಕೊಂಡೆ. ನೀವು ನನ್ನನ್ನ ಹಾಗೆ ಕರೆದೇ ಇರಲಿಲ್ಲವಲ್ಲ. ಬೇಜಾರು ಮಾಡ್ಕೋಬೇಡಿ, ಸುಮ್ನೆ ಹೇಳಿದೆ.

ಐದು ಆಂಪಿಯರ್ ಯಾಕೆ ಮೇಡಂ? ಮನೇಲಿ ವೆಲ್ಡಿಂಗ್ ಮಾಡ್ತೀರಾ? ಒಂದು ಎಲ್‌ಇಡಿ ಕುಡಿಯೋದು ಇಪ್ಪತ್ತು ಮಿಲಿಆಂಪಿಯರ್. ಬರೀ ದೊಡ್ಡ ನಂಬರ್ ನೋಡಿ ಕೊಂಡ್ರೆ ಚಿಕ್ಕ ಕೆಲಸಕ್ಕೆ ಅದು ಬಗ್ಗೊಲ್ಲ. ಮೊದಲು ನೋಡಬೇಕಾದ್ದು ಕರೆಂಟಿಗೆ ಬೇರೆ ತಿರುಗುಬಟನ್ ಇದೆಯಾ ಅಂತ. ಅದನ್ನ ಇಪ್ಪತ್ತಕ್ಕೆ ಕಟ್ಟಿಟ್ರೆ, ನೀವು ವೈರು ತಪ್ಪಾಗಿ ಕೊಟ್ರೂ ಅದಕ್ಕಿಂತ ಹೆಚ್ಚು ಬಿಡೊಲ್ಲ. ನಿಮ್ಮ ಎರಡು ಎಲ್‌ಇಡಿನೂ ಉಳೀತಿದ್ವು. ಕಲಿಯೋರಿಗೆ ಬೇಕಾದ್ದು ಶಕ್ತಿ ಅಲ್ಲ, ತಪ್ಪು ಮಾಡಿದಾಗ ತಡೆಯೋ ಗುಣ.

ಎರಡನೇದು, ಔಟ್‌ಪುಟ್ಟಿಗೆ ಬೇರೆ ಸ್ವಿಚ್ ಇರಬೇಕು. ಎಲ್ಲ ಹೊಂದಿಸ್ಕೊಂಡು, ವೈರು ಜೋಡಿಸಿ, ಆಮೇಲೆ ಒತ್ತಬೇಕು. ಮೂರನೇದು ಅರ್ಥಿಂಗ್. ತಗಡಿನ ಪೆಟ್ಟಿಗೆ ಆದ್ರೆ ಮೂರು ಪಿನ್ನಿನ ಪ್ಲಗ್ಗೇ ಇರಬೇಕು, ದಪ್ಪ ಪಿನ್ನಿಂದ ಪೆಟ್ಟಿಗೆಯ ಮೈವರೆಗೆ ವೈರು ಇರಬೇಕು.

ಇದನ್ನ ನಾನು ಬರೆಯಬಾರದು, ಗೊತ್ತು. ಅರ್ಥಿಂಗ್ ಹಾಕೋಕೆ ಮರೆತವನ ಹತ್ರ ನೀವು ಸಲಹೆ ಕೇಳಿದ್ದೀರಿ. ಸ್ಕೂಲಿಗೆ ನಾನು ಮಾಡಿಕೊಟ್ಟ ಪವರ್ ಸಪ್ಲೈ ಪೆಟ್ಟಿಗೆಯಿಂದಲೇ ಅಲ್ವಾ ಆ ಶೀತಲ್ ಮಗುವಿಗೆ ಶಾಕ್ ಹೊಡೆದದ್ದು? ಆಗ 'ಹಾಕಿದ್ದೆ ಸರ್, ಹಸಿರು ವೈರು ಹಾಕಿದ್ದೆ' ಅಂತ ಹೆಡ್‌ಮಾಸ್ಟರ್ ವಿಶ್ವಾರಾಧ್ಯರ ಮುಂದೆ ಕೂಗಾಡಿದೆ. ಈಗ ನನಗೇ ನಂಬಿಕೆ ಇಲ್ಲ. ಹಾಲಮ್ಮನ ಹೊಟ್ಟೆ ಆಪರೇಷನ್ ಇದ್ದ ವಾರ ಅದು, ತಲೆ ನೆಟ್ಟಗಿರಲಿಲ್ಲ. ಹಾಕಿದ ಹಾಗೆ ಕೈಗೆ ನೆನಪಿದೆ. ಕೈ ನೆನಪು ಸುಳ್ಳೂ ಇರಬಹುದು. ಆಮೇಲೆ ನಾನು ಸೋಲ್ಡರಿಂಗ್ ಕಡ್ಡಿ ಮುಟ್ಟಿಲ್ಲ. ಬೀದಿಯವರು ಇಸ್ತ್ರಿಪೆಟ್ಟಿಗೆ ತಂದ್ರೂ ವಾಪಸ್ ಕಳಿಸ್ತೀನಿ.

ಆದ್ದರಿಂದ ಇನ್ನೊಬ್ಬ ತಿಳಿದವರನ್ನೂ ಕೇಳಿ ಕೊಳ್ಳಿ.

ಇಂತಿ ತಮ್ಮ ವಿಧೇಯ,
ಉಜ್ಜನಪ್ಪ


ವಿನೋಬನಗರ
9 ಫೆಬ್ರವರಿ 2025

ಉಜ್ಜನಪ್ಪನವರೇ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ವೆಲ್ಡಿಂಗ್ ಮಾಡುವುದಿಲ್ಲ ಮಾರಾಯ್ರೆ, ಐದು ಆಂಪಿಯರ್ ಬಿಟ್ಟೆ.

ನಿನ್ನೆ ದುರ್ಗಿಗುಡಿಗೆ ಹೋಗಿದ್ದೆ. ಟ್ರಾನ್ಸ್‌ಫಾರ್ಮರಿನದು ಇನ್ನೂ ಇದೆ. ಎರಡು ಬಟನ್ ವೋಲ್ಟೇಜಿಗೆ, ಎರಡು ಕರೆಂಟಿಗೆ, ಔಟ್‌ಪುಟ್ಟಿಗೆ ಬೇರೆ ಸ್ವಿಚ್. ಆದರೆ ನಾನು ಪ್ಲಗ್ ನೋಡುತ್ತಿದ್ದದ್ದನ್ನು ಕಂಡು ಅಂಗಡಿಯವ, 'ಮೇಡಂ, ನಿಮ್ಮನೇಲಿ ಟೂ-ಪಿನ್ ಸಾಕೆಟ್ ಇದ್ರೆ ಹೇಳಿ, ಈ ಪ್ಲಗ್ ಕಟ್ ಮಾಡಿ ಅದನ್ನೇ ಹಾಕ್ಕೊಡ್ತೀನಿ. ಮೂರನೇ ಪಿನ್ನು ಬರೀ ಶೋಕಿ' ಎಂದ. ಕೈಯಲ್ಲಿ ಕಟರ್ ಕೂಡ ಹಿಡಿದಿದ್ದ. ನನಗೆ ಏನಾಯಿತೋ, ಬೇಡ ಬೇಡ ಎಂದು ಕೊಳ್ಳದೆ ಎದ್ದು ಬಂದುಬಿಟ್ಟೆ.

ಒಂದು ಅನುಮಾನ. ಹಗುರವಾದದ್ದರಲ್ಲಿ ಔಟ್‌ಪುಟ್ಟು ನಡುಗುತ್ತದೆ, ರೇಡಿಯೋ ಸರ್ಕ್ಯೂಟಿಗೆ ಹಾಕಿದರೆ ಗೊರಗೊರ ಎನ್ನುತ್ತದೆ ಎನ್ನುತ್ತಾರೆ, ನಿಜವೇ? ಟ್ರಾನ್ಸ್‌ಫಾರ್ಮರಿನದು ಬಿಸಿಯಾಗುವುದು ಸಹಜವೇ? ಹಿಂದೆ ಫ್ಯಾನ್ ಇಲ್ಲ.

ಮತ್ತೆ, ಆ ಹಳೆಯ ವಿಷಯ ನೀವು ಅಷ್ಟೊಂದು ಹಚ್ಚಿಕೊಳ್ಳಬೇಡಿ. ಅಂಥದ್ದು ಯಾರ ಕೈಯಲ್ಲಾದರೂ ಆಗಬಹುದು.

ಇತಿ,
ವೇದಾ


ಜನ್ನಾಪುರ
18 ಫೆಬ್ರವರಿ 2025

ಮೇಡಂ ಅವರಿಗೆ ನಮಸ್ಕಾರ.

ಆ ಅಂಗಡಿಯವನಿಗೆ ನನ್ನ ಕಡೆಯಿಂದ ಎರಡು ಬೈಯಿರಿ. ಶೋಕಿಯಂತೆ! ಪ್ಲಗ್ ಮಾತ್ರ ಮುಟ್ಟಬೇಡ ಅಂತ ಹೇಳಿ, ಮಿಕ್ಕಿದ್ದೆಲ್ಲ ಸರಿ ಇದೆ, ಅದನ್ನೇ ತಗೊಳ್ಳಿ. ನಡುಕದ ವಿಷಯ ನಿಜ. ರೇಡಿಯೋ ಕಿವಿಗೆ ಟ್ರಾನ್ಸ್‌ಫಾರ್ಮರಿನದೇ ಹಿತ. ಬಿಸಿ ಆಗೋದು ಅದರ ಜಾತಿಗುಣ, ಗೋಡೆಗೆ ಒತ್ತಿ ಇಡಬೇಡಿ ಅಷ್ಟೆ.

ತಂದ ಮೇಲೆ ಹೀಗೆ ಮಾಡಿ. ವೋಲ್ಟೇಜ್ ಐದಕ್ಕೆ ಇಡಿ. ಕರೆಂಟ್ ಬಟನ್ ಪೂರ್ತಿ ಕೆಳಗೆ. ಕೆಂಪು ಕಪ್ಪು ಎರಡೂ ತುದಿ ಒಂದಕ್ಕೊಂದು ಜೋಡಿಸಿ, ಸ್ವಿಚ್ ಒತ್ತಿ, ಕರೆಂಟ್ ಬಟನ್ ನಿಧಾನ ತಿರುಗಿಸಿ ಇಪ್ಪತ್ತು ಮಿಲಿಆಂಪಿಯರ್‌ಗೆ ನಿಲ್ಲಿಸಿ. ಈಗ ಅದು ನಿಮ್ಮ ಕಾವಲು. ಆಮೇಲೆ ಎಲ್‌ಇಡಿ ಹಾಕಿ.

ಇನ್ನೊಂದು ಮಾತು. 'ಯಾರ ಕೈಯಲ್ಲಾದರೂ ಆಗಬಹುದು' ಅಂತ ಬರೆದಿದ್ದೀರಿ. ಅದನ್ನ ಹಾಲಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಇನ್ನೊಂದ್ಸಲ ಓದಿ ಅಂದ್ಲು. ಹದಿನೇಳು ವರ್ಷದಲ್ಲಿ ಸ್ಕೂಲಿನವರು ಯಾರೂ ನನಗೆ ಇಷ್ಟು ಹೇಳಿರಲಿಲ್ಲ ಮೇಡಂ. ಆ ಕಾಗದ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಇಟ್ಟಿದ್ದೀನಿ. ನಿಮ್ಮದು ದೊಡ್ಡ ಮನಸ್ಸು.

ಇಂತಿ,
ಉಜ್ಜನಪ್ಪ


ವಿನೋಬನಗರ
21 ಫೆಬ್ರವರಿ 2025
ರಿಜಿಸ್ಟರ್ಡ್

ಉಜ್ಜನಪ್ಪನವರೇ,

ಕುಳಿತುಕೊಂಡು ಓದಿ. ಹಾಲಮ್ಮನವರಿಗೆ ಓದಿ ಹೇಳುವುದೋ ಬಿಡುವುದೋ ಆಮೇಲೆ ತೀರ್ಮಾನಿಸಿ. ಕ್ಯಾಲೆಂಡರ್ ಹಿಂದಿನ ಆ ಕಾಗದವನ್ನು ದಯವಿಟ್ಟು ಹರಿದು ಹಾಕಿ.

ನೀವು ಅರ್ಥಿಂಗ್ ಹಾಕಲು ಮರೆತಿರಲಿಲ್ಲ. ಅದನ್ನು ಕತ್ತರಿಸಿದವಳು ನಾನು.

2007ರ ಡಿಸೆಂಬರ್, ವಿಜ್ಞಾನ ವಸ್ತುಪ್ರದರ್ಶನದ ದಿನ. ನೀವು ಆಸ್ಪತ್ರೆಯಲ್ಲಿ ಹಾಲಮ್ಮನವರ ಹತ್ತಿರ ಇದ್ದಿರಿ. ಹಿಂದಿನ ದಿನವೇ ಪೆಟ್ಟಿಗೆ ಮುಗಿಸಿ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಿರಿ, ಮೂರು ಪಿನ್ನಿನ ಪ್ಲಗ್ ಸಹಿತ. ಪ್ರದರ್ಶನದ ಹಾಲ್‌ನಲ್ಲಿ ನಮಗೆ ಕೊಟ್ಟ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಬರೀ ಎರಡು ತೂತು. ತೀರ್ಪುಗಾರರು ಮೂರನೇ ಟೇಬಲ್ಲಿಗೆ ಬಂದಿದ್ದರು, ನಮ್ಮದು ಐದನೆಯದು. ನಾನು ಪಕ್ಕದ ಶಾಲೆಯವರಿಂದ ಟೂ-ಪಿನ್ ಪ್ಲಗ್ಗೂ ಬ್ಲೇಡೂ ಇಸಿದುಕೊಂಡೆ. ನಿಮ್ಮ ಪ್ಲಗ್ ಕತ್ತರಿಸಿ ಎಸೆದೆ. ಕೆಂಪು, ಕಪ್ಪು ಎರಡನ್ನು ಸಿಕ್ಕಿಸಿದೆ. ಹಸಿರು ವೈರಿನ ತುದಿಯನ್ನು ಹಿಂದಕ್ಕೆ ಮಡಚಿ ಟೇಪು ಸುತ್ತಿದೆ. ಆ ವಾರವೇ ಹತ್ತನೇ ಕ್ಲಾಸಿಗೆ ಅರ್ಥಿಂಗ್ ಪಾಠ ಮಾಡಿದ್ದೆ. ಗೊತ್ತಿಲ್ಲದೆ ಮಾಡಿದೆ ಎನ್ನುವ ಹಾಗೂ ಇಲ್ಲ. ಗೊತ್ತಿದ್ದೇ, ಹತ್ತು ನಿಮಿಷಕ್ಕೆ ಏನಾಗುತ್ತದೆ ಎಂದುಕೊಂಡೆ.

ಶೀತಲ್ ಒಂದು ಕೈ ಪೆಟ್ಟಿಗೆಯ ಮೇಲೆ, ಇನ್ನೊಂದು ಕೈ ಕಿಟಕಿಯ ಸರಳಿನ ಮೇಲೆ ಇಟ್ಟಳು. ಮುಂದಿನದು ನಿಮಗೆ ಗೊತ್ತಿದೆ. ಗೊತ್ತಿಲ್ಲದ್ದು ಇದು: ವಿಶ್ವಾರಾಧ್ಯರು ಟೂ-ಪಿನ್ ಪ್ಲಗ್ ಹಿಡಿದು, 'ಏನಮ್ಮಾ, ಉಜ್ಜನಪ್ಪ ಅರ್ಥಿಂಗೇ ಹಾಕಿಲ್ವಾ?' ಎಂದು ನನ್ನನ್ನು ಕೇಳಿದರು. 'ನಂಗೊತ್ತಿಲ್ಲ ಸರ್. ಅವನು ಮಾಡಿಕೊಟ್ಟಿದ್ದು' ಎಂದೆ. ಅಷ್ಟೇ. ಆ ಎರಡು ಮಾತಿಗೆ ನಿಮ್ಮನ್ನು ಲ್ಯಾಬಿನಿಂದ ತೆಗೆದು ಗೇಟಿಗೆ ಹಾಕಿದರು.

ನೀವು ನನ್ನ ಹತ್ತಿರ ಬಂದು, 'ಮೇಡಂ, ಒಂದ್ಸಲ ಪೆಟ್ಟಿಗೆ ತೋರ್ಸಿ' ಎಂದಿರಿ. ಗುಜರಿಗೆ ಹೋಯಿತು ಎಂದೆ. ಹೋಗಿರಲಿಲ್ಲ. ನನ್ನ ಬೀರುವಿನಲ್ಲಿತ್ತು. ಒಂದು ಶನಿವಾರ ಸೀರೆಯ ಚೀಲದಲ್ಲಿಟ್ಟು ಮನೆಗೆ ತಂದೆ. ಇವತ್ತಿಗೂ ನನ್ನ ಅಟ್ಟದ ಮೇಲಿದೆ. ನೀವು ಎಳನೀರು ಹಿಡಿದು ಮೂರು ಸಲ ಶೀತಲ್ ವಾರ್ಡಿನ ಬಾಗಿಲಿಗೆ ಬಂದಿರಿ, 'ಅವಳ ಅಪ್ಪ ಕೆಂಡವಾಗಿದ್ದಾರೆ, ಈಗ್ ಬೇಡ, ಹೋಗು' ಎಂದು ನಿಮ್ಮನ್ನು ಕಳಿಸಿದವಳೂ ನಾನೇ. ನಾನು ಮಾತ್ರ ದಿನವೂ ಹಣ್ಣು ಹಿಡಿದು ಒಳಗೆ ಕೂರುತ್ತಿದ್ದೆ.

ಕಳೆದ ತಿಂಗಳು ಬಿಪಿ ತೋರಿಸಲು ನಮ್ಮ ಬೀದಿಯ ಕ್ಲಿನಿಕ್ಕಿಗೆ ಹೋಗಿದ್ದೆ. ರಿಸೆಪ್ಷನ್ನಿನಲ್ಲಿ ಶೀತಲ್. ಎಡಗೈಯಲ್ಲಿ ನನ್ನ ಹೆಸರು ಬರೆದುಕೊಂಡಳು. ಬಲಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. 'ಮಿಸ್, ನೀವ್ ದಿನಾ ಬರ್ತಿದ್ರಿ, ನಾನ್ ಮರೆತಿಲ್ಲ. ಆ ಅಟೆಂಡರ್ ಮಾತ್ರ ಒಂದಿನಾನೂ ತಿರುಗಿ ನೋಡ್ಲಿಲ್ಲ' ಎಂದಳು. ನಾನು ಆಗಲೂ ಬಾಯಿ ಬಿಡಲಿಲ್ಲ. ಮನೆಗೆ ಬಂದು ನಿಮಗೆ ಪವರ್ ಸಪ್ಲೈ ಯಾವುದು ಒಳ್ಳೆಯದೆಂದು ಬರೆದೆ. ಥೂ! ಪವರ್ ಸಪ್ಲೈ ಬೇಕಾಗಿದ್ದು ನಿಜ. ಆದರೆ ಅದನ್ನು ನಿಮ್ಮನ್ನೇ ಕೇಳಬೇಕಾಗಿರಲಿಲ್ಲ. ನಿಮ್ಮ ಹತ್ತಿರ ಮಾತು ಶುರು ಮಾಡಲು ನನಗೆ ಬೇರೆ ದಾರಿ ಹೊಳೆಯಲಿಲ್ಲ. ಶುರು ಮಾಡಿದ ಮೇಲೂ, 'ಯಾರ ಕೈಯಲ್ಲಾದರೂ ಆಗಬಹುದು' ಎಂದು ಬರೆದೆ. ಅದನ್ನು ನೀವು ದೊಡ್ಡ ಮನಸ್ಸು ಎಂದಿರಿ. ಅದನ್ನು ಓದಿ ನಾನು ಎಷ್ಟು ಕುಗ್ಗಿದೆ ಎಂದು ಹೇಳಲಾರೆ.

ನಾಚಿಕೆಯಾಗುತ್ತಿದೆ ಎಂದು ಬರೆಯಲೂ ನಾಚಿಕೆಯಾಗುತ್ತದೆ. ಏನು ಬೇಕಾದರೂ ಅನ್ನಿ.

ವೇದಾ


ವಿನೋಬನಗರ
20 ಮಾರ್ಚ್ 2025

ಉಜ್ಜನಪ್ಪನವರೇ,

ಪೋಸ್ಟಿನವರ ಅಕ್ನಾಲೆಜ್‌ಮೆಂಟ್ ಕಾರ್ಡು ಬಂದು ಮೂರು ವಾರವಾಯಿತು. ಅದರ ಮೇಲೆ ನಿಮ್ಮ ಸಹಿ ಇದೆ, ಲ್ಯಾಬಿನ ಸ್ಟಾಕ್ ರಿಜಿಸ್ಟರಿನಲ್ಲಿ ಹಾಕುತ್ತಿದ್ದ ಅದೇ ಗುಂಡು ಸಹಿ. ಹಾಗಾಗಿ ತಲುಪಿದೆ ಎಂದು ಗೊತ್ತು. ಉತ್ತರ ಬರೆಯಲೇಬೇಕೆಂದು ಕೇಳುವ ಮುಖ ನನಗಿಲ್ಲ. ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಊಟದ ಮೇಜಿನ ಮೇಲೆ ಇಟ್ಟಿದ್ದೇನೆ ಎಂದು ತಿಳಿಸಲು ಮಾತ್ರ ಇದನ್ನು ಬರೆದೆ. ಬಿಚ್ಚುವ ಧೈರ್ಯ ಬಂದಿಲ್ಲ.

ವೇದಾ


ಜನ್ನಾಪುರ
2 ಏಪ್ರಿಲ್ 2025

ಮೇಡಂ,

ಹಿಂದೆ ಎರಡು, ಪಕ್ಕಕ್ಕೆ ಎರಡೆರಡು, ಒಟ್ಟು ಆರು ಸ್ಕ್ರೂ. ಪ್ಲಗ್ಗನ್ನು ಎಲ್ಲೂ ಚುಚ್ಚದೆ, ಸ್ಟಾರ್ ಸ್ಕ್ರೂಡ್ರೈವರಿನಿಂದ ಬಿಚ್ಚಿ. ಮುಚ್ಚಳ ಮೇಲಕ್ಕೆ ಎಳೆಯಬೇಡಿ, ಹಿಂದಕ್ಕೆ ಸರಿಸಿ. ಪ್ಲಗ್ಗಿನಿಂದ ಒಳಗೆ ಬಂದ ವೈರು ಮೂರಾಗಿ ಒಡೆಯೋ ಜಾಗ ನೋಡಿ.

ನನಗೆ ಎರಡು ವಿಷಯ ಗೊತ್ತಾಗಬೇಕು. ಹಸಿರು ವೈರಿನ ಒಳತುದಿ ಪೆಟ್ಟಿಗೆಯ ಮೈಗೆ ಸ್ಕ್ರೂ ಆಗಿದೆಯಾ, ಇಲ್ಲವಾ. ವೈರು ಒಳಗೆ ಬರೋ ತೂತಿನಲ್ಲಿ ಏನಿದೆ.

ಕಂಡದ್ದನ್ನ ಕಂಡ ಹಾಗೆ ಬರೀರಿ. ನನಗೆ ಸಮಾಧಾನ ಮಾಡೋಕೆ ಬರೀಬೇಡಿ. ಮಿಕ್ಕಿದ ಮಾತು ಆಮೇಲೆ.

ಉಜ್ಜನಪ್ಪ


ವಿನೋಬನಗರ
6 ಏಪ್ರಿಲ್ 2025

ಉಜ್ಜನಪ್ಪನವರೇ,

ನೀವು ಹೇಳಿದ ಹಾಗೆಯೇ ಬಿಚ್ಚಿದೆ. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ ಹಿಡಿಯಿತು, ಒಂದು ಸ್ಕ್ರೂ ತುಕ್ಕು ಹಿಡಿದಿತ್ತು.

ಹಸಿರು ವೈರು ಇದೆ. ತುದಿಗೆ ಉಂಗುರದಂಥ ತಾಮ್ರದ ಕೊಂಡಿ ಬೆಸೆದಿದ್ದೀರಿ. ಅದು ಪೆಟ್ಟಿಗೆಯ ತಳಕ್ಕೆ ಸ್ಕ್ರೂ ಆಗಿದೆ, ಕೆಳಗೆ ಹಲ್ಲಿನ ವಾಷರ್ ಇದೆ. ಸುತ್ತ ಕಾಸಿನಗಲದಷ್ಟು ಬಣ್ಣ ಕೆರೆದು ತಗಡು ಬಿಳಿ ಮಾಡಿದ್ದೀರಿ. ಬೆರಳಲ್ಲಿ ಅಲ್ಲಾಡಿಸಿದೆ, ಅಲ್ಲಾಡಲಿಲ್ಲ. ಮೀಟರಿನ ಒಂದು ಕಡ್ಡಿ ಪೆಟ್ಟಿಗೆಯ ಮೈಗೆ ಮುಟ್ಟಿಸಿದೆ. ಪ್ಲಗ್ಗಿನ ಹತ್ತಿರ ನಾನು ಸುತ್ತಿದ ಟೇಪು ಬಿಚ್ಚಿ, ಮಡಚಿದ ಆ ಹಸಿರು ತುದಿಗೆ ಇನ್ನೊಂದು ಕಡ್ಡಿ ಮುಟ್ಟಿಸಿದೆ. ಕುಂಯ್ ಎಂದಿತು. ಹದಿನೇಳು ವರ್ಷದ ಮೇಲೂ ನಿಮ್ಮ ಅರ್ಥಿಂಗ್ ಸರಿಯಾಗಿಯೇ ಇದೆ. ನಿಮ್ಮ ಕೈಯ ನೆನಪು ಸುಳ್ಳಲ್ಲ.

ಎರಡನೆಯದನ್ನು ಬರೆಯದೆ ಬಿಡೋಣವೇ ಎಂದುಕೊಂಡೆ. ನಿಮ್ಮ ಮನಸ್ಸು ನೋಯಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದನ್ನು ಕಂಡಾಗ ಒಂದು ಗಳಿಗೆ ನನಗೆ ಖುಷಿಯಾಯಿತು, ತಪ್ಪು ನನ್ನೊಬ್ಬಳದೇ ಅಲ್ಲವಲ್ಲ ಎಂದು. ಎಂಥ ಹೆಂಗಸು ನಾನು, ನೋಡಿ. ಕಂಡದ್ದು ಇದು: ತೂತಿನಲ್ಲಿ ಏನೂ ಇಲ್ಲ. ಬರೀ ತಗಡಿನ ಅಂಚು. ಕೆಂಪು ವೈರಿನ ಮೇಲೆ ಅಲ್ಲಿ ಕೊಯ್ದ ಗುರುತು ಇದೆ, ತಾಮ್ರ ಕಾಣುತ್ತದೆ.

ವೇದಾ


ಜನ್ನಾಪುರ
11 ಏಪ್ರಿಲ್ 2025

ಮೇಡಂ,

ಕಾಗದ ಇವತ್ತು ಬಂತು. ಇವತ್ತೇ ಬರೀತಿದ್ದೀನಿ.

ಆ ತೂತಿಗೆ ರಬ್ಬರ್ ಬಳೆ ಹಾಕಬೇಕಿತ್ತು, ವೈರಿಗೆ ತಗಡು ತಾಗದ ಹಾಗೆ. ಅವತ್ತು ಅಂಗಡೀಲಿ ಆ ಸೈಜ್ ಸಿಗಲಿಲ್ಲ. ಆಮೇಲೆ ಹಾಕೋಣ ಅಂತ ಬಿಟ್ಟೆ. ವೈರು ಕೊಯ್ದದ್ದು ನನ್ನ ತಪ್ಪಿಂದ. ಅರ್ಥಿಂಗ್ ಇದ್ದಿದ್ರೆ ಫ್ಯೂಸ್ ಹಾರಿ ಅಲ್ಲಿಗೇ ನಿಲ್ತಿತ್ತು, ಮಗುವಿಗೆ ಏನೂ ಆಗ್ತಿರಲಿಲ್ಲ. ಅದು ನಿಮ್ಮ ತಪ್ಪಿಂದ. ಎರಡೂ ಹೀಗೆ ಬೇರೆ ಬೇರೆ ಗೊತ್ತಾಗಿದ್ದು ಒಳ್ಳೇದಾಯ್ತು.

ಕ್ಷಮಿಸಿದ್ದೀನಿ ಅಂತ ಬರೆಯೋಕೆ ಕೂತೆ. ಕೈ ಬರಲಿಲ್ಲ. ಆರು ವರ್ಷ ಗೇಟಲ್ಲಿ ಕೂತು ಬೆಲ್ ಹೊಡೆದೆ ಮೇಡಂ. ಲ್ಯಾಬಿನ ಪೀರಿಯಡ್ಡಿಗೂ ನಾನೇ ಹೊಡೀತಿದ್ದೆ. ನೀವು ಮುಂದೆ, ಮಕ್ಕಳು ಹಿಂದೆ, ನನ್ನ ಮುಂದೆಯೇ ಹಾದು ಹೋಗ್ತಿದ್ರಿ. ಒಂದು ದಿನ ಆದ್ರೂ ನಿಮ್ಮ ಕಾಲು ನಿಲ್ಲಬಾರದಿತ್ತಾ? ಹಾಲಮ್ಮನಿಗೆ ಕಾಗದ ಓದಿ ಹೇಳಿದೆ. 'ನಾನು ಹೇಳ್ತಾನೇ ಇದ್ನಲ್ಲ, ನೀವು ಹಾಕಿರ್ತೀರ ಅಂತ' ಅಂದು ಒಳಗೆ ಹೋಗಿ ಅತ್ತಳು.

ಶೀತಲ್‌ಗೆ ಹೇಳಿ. ನಿಮ್ಮದನ್ನೂ ಹೇಳಿ, ನನ್ನ ರಬ್ಬರ್ ಬಳೆಯದನ್ನೂ ಹೇಳಿ. ಒಂದನ್ನ ಹೇಳಿ ಇನ್ನೊಂದನ್ನ ಬಿಡಬೇಡಿ. ಪೆಟ್ಟಿಗೆ ನನಗೆ ಕಳಿಸಿ, ಅದು ನಾನು ಮಾಡಿದ್ದು.

ನೀವು ಕೇಳಿದ್ದಕ್ಕೆ ಕೊನೇ ಉತ್ತರ. ದುರ್ಗಿಗುಡಿಯದನ್ನೇ ಕೊಳ್ಳಿ, ಪ್ಲಗ್ ಮುಟ್ಟಿಸಬೇಡಿ. ಇದನ್ನ ಬರೆಯೋ ಮೊದಲು ಹಾಲಮ್ಮನ ಮಿಕ್ಸಿ ಬಿಚ್ಚಿದೆ. ಮೂರು ತಿಂಗಳಿಂದ ಕೆಟ್ಟು ಕೂತಿತ್ತು. ಒಳಗೆ ಮೋಟರಿನ ಕಾರ್ಬನ್ ಬ್ರಷ್ ಸವೆದಿತ್ತು, ಬೇರೆ ಹಾಕಿದೆ, ಅಷ್ಟೆ. ಈಗ ತಿರುಗ್ತಿದೆ.

ಉಜ್ಜನಪ್ಪ


ವಿನೋಬನಗರ
27 ಏಪ್ರಿಲ್ 2025, ಭಾನುವಾರ ಬೆಳಿಗ್ಗೆ

ಉಜ್ಜನಪ್ಪನವರೇ,

ನಿಂತಿರಬೇಕಿತ್ತು. ದಿನವೂ ನಿಲ್ಲಬೇಕು ಎಂದುಕೊಂಡು, ಗೇಟು ಬಂದಾಗ ಕೈಯ ಪುಸ್ತಕ ನೋಡುತ್ತಾ ದಾಟುತ್ತಿದ್ದೆ.

ನಿನ್ನೆ ಗೋಪಾಳದ ಶೀತಲ್ ಮನೆಗೆ ಹೋದೆ. ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋಗಿದ್ದೆ, ಮುಚ್ಚಳ ಬಿಚ್ಚಿಯೇ. ಅವಳು ಕಾಫಿ ಮಾಡಲು ಎದ್ದಳು. ಮೊದಲು ಕೇಳು, ಆಮೇಲೆ ಕಾಫಿ ಕೊಡಬೇಕು ಅನ್ನಿಸಿದರೆ ಕೊಡು ಎಂದೆ. ಹಸಿರು ವೈರಿನ ಒಳತುದಿ ತೋರಿಸಿ, ಇದು ಉಜ್ಜನಪ್ಪನವರು ಹಾಕಿದ್ದು ಎಂದೆ. ಹೊರತುದಿ ತೋರಿಸಿ, ಇದು ನಾನು ಕತ್ತರಿಸಿದ್ದು ಎಂದೆ. ಬರಿಯ ತೂತನ್ನೂ ತೋರಿಸಿದೆ, ಅದನ್ನು ಅವರೇ ಹೇಳಲು ಹೇಳಿದ್ದಾರೆ ಎಂದೆ. ಆಮೇಲೆ ಹೆಡ್‌ಮಾಸ್ಟರಿಗೆ ನಾನು ಅಂದ ಎರಡು ಮಾತು, ಗುಜರಿಯ ಸುಳ್ಳು, ಎಳನೀರು, ವಾರ್ಡಿನ ಬಾಗಿಲು, ಎಲ್ಲ ಹೇಳಿದೆ.

ಅವಳು ಪ್ಲಗ್ಗಿನ ವಿಷಯ ಏನೂ ಕೇಳಲಿಲ್ಲ. 'ಅವ್ರು ಬಂದಿದ್ರಾ ಮಿಸ್?' ಎಂದಳು. ಬಂದಿದ್ದರು ಎಂದೆ. 'ಎಷ್ಟ್ ಸಲ?' ಮೂರು ಸಲ ಎಂದೆ. ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ, 'ನಾನ್ ನಮ್ ಮಗಳಿಗೆ ವೇದಾ ಅಂತ ಹೆಸರಿಟ್ಟಿದ್ದೀನಿ, ಗೊತ್ತಾ ಮಿಸ್?' ಎಂದಳು. ನನಗೆ ಗೊತ್ತಿರಲಿಲ್ಲ. ಉಜ್ಜನಪ್ಪನವರೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಫಿ ಕೊಡಲಿಲ್ಲ. ಅದು ಸರಿ.

ನಿಮ್ಮ ವಿಳಾಸ ಬರೆದುಕೊಂಡಳು. ಜೊತೆಗೆ ಬರಲೇ ಎಂದು ಕೇಳಿದೆ, 'ನೀವ್ ಬರ್ಬೇಡಿ' ಎಂದಳು. ಪೆಟ್ಟಿಗೆಯನ್ನು ನಾಳೆ ಬಂದು ಒಯ್ದು ತಾನೇ ತಲುಪಿಸುತ್ತೇನೆ ಎಂದಳು, ಮುಚ್ಚಳ ಹಾಕಿಡಲು ಅದನ್ನು ಮನೆಗೆ ತಂದೆ. ಇವತ್ತು ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಮುಚ್ಚಳ ಹಾಕಿ, ಆರು ಸ್ಕ್ರೂ ಬಿಗಿದು ಇಟ್ಟಿದ್ದೇನೆ. ಇನ್ನು ಹತ್ತು ನಿಮಿಷದಲ್ಲಿ ಈ ಕಾಗದ ಮುಗಿಸಿ ಅವಳ ಕೈಗೇ ಕೊಡಬೇಕು. ಪೆಟ್ಟಿಗೆ ಮುಟ್ಟಲು ಮೊದಲು ಹಿಂಜರಿದಳು. ವೈರು ಹಿಡಿದು ಎತ್ತಬೇಡ ಎನ್ನುವಷ್ಟರಲ್ಲಿ ತಳಕ್ಕೆ ಎರಡೂ ಕೈ ಕೊಟ್ಟು ಎತ್ತಿಕೊಂಡಳು, ಮಡಚದ ಆ ಬೆರಳುಗಳನ್ನೂ ಸೇರಿಸಿ.

ನಾನು ದುರ್ಗಿಗುಡಿಯದನ್ನು ಕೊಂಡೆ. ಮೂರು ಪಿನ್ನು. ಮೈಗೂ ದಪ್ಪ ಪಿನ್ನಿಗೂ ಮೀಟರ್ ಇಟ್ಟು ನೋಡಿದೆ, ಸರಿಯಿದೆ. ಕರೆಂಟನ್ನು ಇಪ್ಪತ್ತಕ್ಕೆ ಕಟ್ಟಿ ಎಲ್‌ಇಡಿ ಹಚ್ಚಿದೆ, ಸುಡಲಿಲ್ಲ. ನೀವು ಕಲಿಸಿದ್ದು ಇದು.

ನಿಮಗೆ ಬಾಗಿಲು ಬಡಿದದ್ದು ಕೇಳಿಸಿರಲಿಕ್ಕಿಲ್ಲ, ಹಾಲಮ್ಮನವರು ತೆಗೆದಿರಬೇಕು. ಈ ಕಾಗದ ಕೊಟ್ಟು ನಿಮ್ಮೆದುರು ಪೆಟ್ಟಿಗೆ ಹಿಡಿದು ನಿಂತಿರುವವಳೇ ಶೀತಲ್. ಹದಿನೇಳು ವರ್ಷದ ಹಿಂದೆ ನಿಮ್ಮನ್ನು ಬಾಗಿಲಿನಿಂದ ಕಳಿಸಿದವಳು ನಾನು, ಅವಳಲ್ಲ. ಓದುವುದು ಸಾಕು, ಅವಳನ್ನು ಒಳಗೆ ಕರೆಯಿರಿ.

ವೇದಾ